ಎರಡು ಕೋಟಿ ಹೆಂಗಸರ ಉದ್ಯೋಗ

ಮಂತ್ರಿಗಳು ಭಾಷಣದಲ್ಲಿ ಒಂದು ಮಾತು ಆಡಿಬಿಟ್ಟರು. ಅದಕ್ಕೆ ಭರ್ಜರಿ ಚಪ್ಪಾಳೆ ಬಿತ್ತು. ತಟ್ಟಿದವರೆಲ್ಲ ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದರು. ಮರುದಿನ ಬೆಳಿಗ್ಗೆ ಆ ಮಾತು ಒಂದು ಹಾಳೆಯ ರೂಪದಲ್ಲಿ ನೋಂದಣಿ ಕಚೇರಿಯ ಮೂರನೇ ಮಹಡಿಗೆ ಹತ್ತಿ ಬಂದು ಟೇಬಲಕ್ಕನ ಎದುರು ಕೂತಿತು.

ಆ ಕಚೇರಿಯ ಕಂಪ್ಯೂಟರಿನಲ್ಲಿ ಒಂಬತ್ತು ಕೋಟಿ ಜನರ ಹೆಸರು, ವಿಳಾಸ, ಹುಟ್ಟಿದ ದಿನ, ಉದ್ಯೋಗಗಳನ್ನು ಸಾಲು ಸಾಲಾಗಿ ಬರೆದಿಟ್ಟ ಒಂದು ಮಹಾ ಪಟ್ಟಿಯಿತ್ತು. ಎಲ್ಲರೂ ಅದನ್ನು ಟೇಬಲ್ ಎನ್ನುತ್ತಿದ್ದರು. ಹದಿನೇಳು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿದ್ದವಳು ಟೇಬಲಕ್ಕ. ಅವಳಿಗೆ ಬೇರೆ ಹೆಸರಿದೆಯೆಂಬುದು ಸಂಬಳದ ಚೀಟಿ ಬರೆಯುವವರಿಗೆ ಮಾತ್ರ ನೆನಪಿತ್ತು.

ಹಾಳೆಯಲ್ಲಿದ್ದದ್ದು ಇಷ್ಟು. ಪಟ್ಟಿಯ ಉದ್ಯೋಗದ ಕಾಲಮ್ಮಿನಲ್ಲಿ ಎರಡು ಕೋಟಿ ಹತ್ತು ಲಕ್ಷ ಹೆಂಗಸರ ಎದುರು ಏನೂ ಬರೆದಿಲ್ಲ. ಮನೆ ನಡೆಸುವ ತಾಯಂದಿರು ಖಾಲಿ ಜಾಗವಲ್ಲ. ಆದ್ದರಿಂದ ಇಂದು ಸಂಜೆ ಐದು ಗಂಟೆಯೊಳಗೆ ಅವರೆಲ್ಲರ ಎದುರು ‘ಗೃಹನಿರ್ವಹಣೆ’ ಎಂದು ನಮೂದಿಸತಕ್ಕದ್ದು.

ಓದಿ ಟೇಬಲಕ್ಕನಿಗೆ ಬೇಸರವೇನೂ ಆಗಲಿಲ್ಲ. ಬೆಳಗಾಗೆದ್ದು ಮಾಡುವ ಕೆಲಸಕ್ಕೆ ಒಂದು ಹೆಸರಾದರೂ ಸಿಕ್ಕಿತಲ್ಲ ಎನಿಸಿತು. ಕಾಡಿದ್ದು ಆ ಐದು ಗಂಟೆ. ಅವಳ ಮೇಜಿನ ಕೆಳಗೆ ಒಂದು ಸಣ್ಣ ಸೂಟ್‌ಕೇಸ್ ಇತ್ತು. ಸಂಜೆ ಆರೂವರೆಯ ಬಸ್ಸಿಗೆ ಅವಳು ಹೊರಡಬೇಕಿತ್ತು. ಸರೋವರದ ದಂಡೆಯಲ್ಲಿ ಅವಳ ಅಕ್ಕ ಹತ್ತು ದಿನಕ್ಕೆ ಒಂದು ಪುಟ್ಟ ಮನೆ ಹಿಡಿದಿದ್ದಳು. ಗಂಡಂದಿರಿಲ್ಲ, ಮಕ್ಕಳಿಲ್ಲ, ಇಬ್ಬರೇ. ಟೇಬಲಕ್ಕನ ಮದುವೆಯ ಹಿಂದಿನ ದಿನ ಅಕ್ಕತಂಗಿಯರು ಒಂದೇ ಕೋಣೆಯಲ್ಲಿ ಮಲಗಿದ್ದೇ ಕೊನೆ. ಅದಕ್ಕೆ ಇಪ್ಪತ್ತನಾಲ್ಕು ವರ್ಷವಾಗಿತ್ತು. ಇಪ್ಪತ್ತನಾಲ್ಕು ವರ್ಷದ ಮಾತು ಅವಳ ಹೊಟ್ಟೆಯಲ್ಲಿ ಒಗೆಯದ ಬಟ್ಟೆಯಂತೆ ರಾಶಿ ಬಿದ್ದಿತ್ತು.

ಮೇಲಧಿಕಾರಿ ಬಂದು ಸೂಟ್‌ಕೇಸನ್ನೂ ನೋಡಿದರು, ಹಾಳೆಯನ್ನೂ ನೋಡಿದರು. “ಇದೊಂದು ಮುಗಿಸಿಕೊಡಿ. ಆಮೇಲೆ ಹತ್ತು ದಿನ ನಿಮ್ಮನ್ನ ನಾನು ಏನೂ ಕೇಳಲ್ಲ,” ಎಂದರು. ಸಂಜೆ ಮಂತ್ರಿಗಳ ಸಭೆಯಲ್ಲಿ ಹೂಗುಚ್ಛ ತೆಗೆದುಕೊಳ್ಳಲು ಅವರು ಆಗಲೇ ಹೊಸ ಕೋಟು ಹಾಕಿಕೊಂಡು ಬಂದಿದ್ದರು.

ಪಕ್ಕದ ಮೇಜಿನಲ್ಲಿ ಒಂದೇಟು ಕೂತಿದ್ದ. ಐವತ್ತರ ಬೋಳುತಲೆಯ ಮನುಷ್ಯ. ಮೂರು ದಿನದ ತರಬೇತಿಗೆ ಹೋಗಿಬಂದಾಗಿನಿಂದ ಯಾವ ಕೆಲಸ ಕೇಳಿದರೂ ‘ಒಂದೇ ಏಟಿಗೆ ಮುಗಿಸಬಹುದು’ ಎನ್ನುತ್ತಿದ್ದನಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು.

“ಇದರಲ್ಲೇನಿದೆ ಅಕ್ಕ? ಎಲ್ಲಿ ಖಾಲಿ ಇದೆಯೋ ಅಲ್ಲಿ ಗೃಹನಿರ್ವಹಣೆ ಅಂತ ಒಂದು ಆಜ್ಞೆ ಕೊಟ್ಟರೆ ಆಯ್ತು. ಒಂದು ಸಾಲು,” ಎಂದ.

ಟೇಬಲಕ್ಕ ಸಮಾಧಾನದಿಂದ ತಿಳಿಹೇಳಿದಳು. ಎರಡು ಕೋಟಿ ಸಾಲನ್ನು ಒಂದೇ ಉಸಿರಿಗೆ ಬದಲಿಸಲು ಹೊರಟರೆ, ಮುಗಿಯುವವರೆಗೂ ಟೇಬಲ್ಲು ಬೀಗ ಹಾಕಿಕೊಂಡು ಕೂರುತ್ತದೆ. ಆಸ್ಪತ್ರೆ, ಶಾಲೆ, ಗ್ರಂಥಾಲಯ, ಈ ಕಟ್ಟಡದ ಗೇಟು ಎಲ್ಲವೂ ಅದೇ ಪಟ್ಟಿಯನ್ನು ನೋಡುತ್ತಿರುತ್ತವೆ; ಅವೆಲ್ಲ ನಿಂತುಹೋಗುತ್ತವೆ. ಅರ್ಧದಲ್ಲಿ ಕೆಟ್ಟರೆ ಕಂಪ್ಯೂಟರು ಮಾಡಿದ್ದನ್ನೆಲ್ಲ ಒಂದೊಂದಾಗಿ ವಾಪಸ್ಸು ಮಾಡುತ್ತದೆ. ನೆಲ ಒರೆಸುವವಳು ಬಕೆಟ್ಟನ್ನೇ ಮಗುಚುವುದಿಲ್ಲ. ಒಂದೊಂದು ಮೊಳ ಒರೆಸುತ್ತಾ ಹಿಂದೆ ಸರಿಯುತ್ತಾಳೆ, ಮನೆಯವರು ಓಡಾಡಿಕೊಂಡಿರುತ್ತಾರೆ. ಇದೂ ಹಾಗೇ ಮಾಡಬೇಕು ಎಂದಳು.

ನೆಲ ಒರೆಸಿ ಗೊತ್ತಿಲ್ಲದ ಒಂದೇಟು ತಲೆಯಾಡಿಸಿದ. ಅವಳು ತಿಂಡಿ ತಿನ್ನಲು ಎದ್ದುಹೋದ ಅರ್ಧ ಗಂಟೆಯಲ್ಲಿ ಉಪಕಾರ ಮಾಡಿಯೂಬಿಟ್ಟ.

ಅವಳು ವಾಪಸ್ಸು ಬರುವಷ್ಟರಲ್ಲಿ ಫೋನುಗಳೆಲ್ಲ ಒಟ್ಟಿಗೆ ಅಳುವ ಅವಳಿಜವಳಿ ಮಕ್ಕಳಂತೆ ಶುರುಹಚ್ಚಿಕೊಂಡಿದ್ದವು. ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ತೆರೆಯುತ್ತಿಲ್ಲವಂತೆ. ಶಾಲೆಯೊಂದರಲ್ಲಿ ಮಗುವಿಗೆ ವಯಸ್ಸೇ ಸಿಗುತ್ತಿಲ್ಲವಂತೆ. ಕೆಳಗೆ ಗೇಟಿನಲ್ಲಿ ನಲವತ್ತು ನೌಕರರು ಕಾರ್ಡು ಹಿಡಿದು ಬಿಸಿಲಿನಲ್ಲಿ ನಿಂತಿದ್ದಾರಂತೆ.

“ಏನ್ ಮಾಡಿದೆ ನೀನು?” ಎಂದು ಕೇಳಿದಳು ಟೇಬಲಕ್ಕ.

“ನಿಮಗೆ ಬಸ್ಸಿದೆಯಲ್ಲ ಅಂತ,” ಎಂದ ಒಂದೇಟು.

ಅವಳು ಆಜ್ಞೆಯನ್ನು ನಿಲ್ಲಿಸಿದಳು. ಆದರೆ ನಿಲ್ಲಿಸು ಎಂದಾಗ ನಿಂತುಬಿಡಲು ಅದೇನು ಆಟೋವೇ? ಇಪ್ಪತ್ತೈದು ನಿಮಿಷ ಬರೆದದ್ದನ್ನು ಅಳಿಸಲು ಅದಕ್ಕೆ ಐವತ್ತು ನಿಮಿಷ ಬೇಕಾಯಿತು. ಸಂತೆಯಷ್ಟು ಬಟ್ಟೆಯನ್ನು ಬೀರುವಿನಿಂದ ಕೆಳಗೆಳೆದು, ಆಮೇಲೆ ‘ಇದ್ದ ಮಡಿಕೆಯಲ್ಲೇ ಇಡು’ ಎಂದ ಹಾಗಾಗಿತ್ತು. ಅಷ್ಟು ಹೊತ್ತೂ ಮೇಲಧಿಕಾರಿ ಅವಳ ಕುರ್ಚಿಯ ಹಿಂದೆ ನಿಂತು ಇನ್ನೆಷ್ಟು ಹೊತ್ತು, ಇನ್ನೆಷ್ಟು ಹೊತ್ತು ಎಂದು ಕೇಳುತ್ತಿದ್ದರು. ದೀರ್ಘ ಪ್ರಯಾಣದಲ್ಲಿ ಮಕ್ಕಳಿಗೆ ಕೊಡುವ ಉತ್ತರವನ್ನೇ ಅವಳು ಅವರಿಗೂ ಕೊಟ್ಟಳು: ಈಗ ಬಂತು, ಇನ್ನೇನು ಬಂದೇಬಿಟ್ಟಿತು. ತಪ್ಪು ಯಾರದೆಂದು ಅವರು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಒಡೆದ ಲೋಟ ಯಾರ ಕೈಯಿಂದ ಬಿತ್ತೆಂಬ ವಿಚಾರಣೆಗಿಂತ ಚೂರು ಆರಿಸುವುದು ಬೇಗ ಮುಗಿಯುತ್ತದೆಂದು ಅವಳು ಮನೆಯಲ್ಲಿ ಕಲಿತಿದ್ದಳು.

ಹತ್ತೂಮುಕ್ಕಾಲಿಗೆ ತನ್ನ ರೀತಿಯಲ್ಲಿ ಶುರುಮಾಡಿದಳು. ಒಂದು ಸಲಕ್ಕೆ ಹತ್ತು ಸಾವಿರ ಸಾಲು. ಬರೆ, ಉಳಿಸು, ಒಂದು ಕ್ಷಣ ಉಸಿರು ಬಿಡು, ಮುಂದಿನ ಹತ್ತು ಸಾವಿರ. ಗೇಟು ತೆರೆಯಿತು, ಆಸ್ಪತ್ರೆ ಉಸಿರಾಡಿತು, ಶಾಲೆಯ ಮಗುವಿಗೆ ವಯಸ್ಸು ವಾಪಸ್ಸು ಬಂತು. ಟೇಬಲಕ್ಕ ಮೊದಲ ಸಲ ಬೆನ್ನನ್ನು ಕುರ್ಚಿಗೆ ಆನಿಸಿದಳು.

ಅರ್ಧ ಗಂಟೆಯಾಗಿರಬೇಕು. ಫೋನು ತೆಗೆದುಕೊಳ್ಳುವ ಹುಡುಗಿ ಬಿಳಿಚಿಕೊಂಡು ಓಡಿಬಂದಳು. ಊರೂರಿನಿಂದ ಹೆಂಗಸರು ಫೋನು ಮಾಡುತ್ತಿದ್ದಾರೆ, ತನಗೆ ಉತ್ತರ ಹೇಳಲು ಬರುತ್ತಿಲ್ಲ ಎಂದು ಒಂದು ಫೋನನ್ನು ಟೇಬಲಕ್ಕನ ಕೈಗೇ ಕೊಟ್ಟಳು.

“ಅಮ್ಮಾ, ನಿಮ್ಮ ಉದ್ಯೋಗ ಬದಲಾಗಿದೆ ಅಂತ ನನಗೆ ಮೆಸೇಜ್ ಬಂದಿದೆ. ಯಾವತ್ತಿಂದ ಸೇರ್ಕೋಬೇಕು?” ಎಂದಿತು ವಯಸ್ಸಾದ ಒಂದು ದನಿ.

ಟೇಬಲಕ್ಕ ನಾಲಿಗೆ ಕಚ್ಚಿಕೊಂಡಳು. ಪಟ್ಟಿಯಲ್ಲಿ ಯಾರ ವಿವರ ಬದಲಾದರೂ ಅವರ ಮೊಬೈಲಿಗೆ ತಾನಾಗಿಯೇ ಒಂದು ಸಂದೇಶ ಹೋಗುವ ಏರ್ಪಾಡಿತ್ತು. ಗಡಿಬಿಡಿಯಲ್ಲಿ ಅದನ್ನು ನಿಲ್ಲಿಸುವುದು ಮರೆತಿತ್ತು. ಮೂವತ್ತು ಲಕ್ಷ ಹೆಂಗಸರಿಗೆ ಸುದ್ದಿ ಮುಟ್ಟಿಯಾಗಿತ್ತು.

“ಹೊಸ ಕೆಲಸ ಅಲ್ಲಮ್ಮ. ನೀವು ಮನೇಲಿ ಮಾಡ್ತಿದ್ದೀರಲ್ಲ, ಅದೇ,” ಎಂದಳು.

“ಅದನ್ನ ಮೂವತ್ತೆಂಟು ವರ್ಷದಿಂದ ಮಾಡ್ತಿದ್ದೀನಿ. ಇವತ್ತೇನು ವಿಶೇಷ?”

“ಇವತ್ತು ಪಟ್ಟಿಗೆ ಸೇರಿಸಿದ್ದೀವಿ.”

ಆ ಕಡೆ ಕುಕ್ಕರ್ ಆರಿಸಿದ ಸದ್ದು. ಆಮೇಲೆ ದನಿ ಕೇಳಿತು: “ಹಾಗಾದ್ರೆ ಬಿಡೋಕೆ ಯಾರಿಗೆ ಅರ್ಜಿ ಕೊಡ್ಬೇಕು?”

ಟೇಬಲಕ್ಕ ಮೆತ್ತಗೆ ಫೋನಿಟ್ಟು, ಸಂದೇಶದ ಏರ್ಪಾಡನ್ನು ಸಂಜೆವರೆಗೆ ಪೂರ್ತಿ ಮುಚ್ಚಿದಳು. ಇನ್ನು ಮುಂದೆ ಯಾರ ವಿವರ ಬದಲಾದರೂ ಯಾರಿಗೂ ತಿಳಿಯುವಂತಿರಲಿಲ್ಲ. ಮೇಲಧಿಕಾರಿ ಅದನ್ನು ಜಾಣತನವೆಂದು ಹೊಗಳಿದರು.

ಮಧ್ಯಾಹ್ನ ಒಂದು ಗಂಟೆಗೆ ಮತ್ತೊಂದು ತಾಪತ್ರಯ. ಐದು ಸೆಕೆಂಡಿಗೆ ಮುಗಿಯುತ್ತಿದ್ದ ಹತ್ತು ಸಾವಿರ ಸಾಲು ಈಗ ಅರ್ಧ ನಿಮಿಷ ತೆಗೆದುಕೊಳ್ಳುತ್ತಿತ್ತು. ಒಂದೇಟು ಬಂದು, ಕಂಪ್ಯೂಟರಿಗೆ ಸುಸ್ತಾಗಿರಬೇಕು, ಒಮ್ಮೆ ಆರಿಸಿ ಹಚ್ಚೋಣ ಎಂದ. ಅವನ ಕೈ ಗುಂಡಿಯ ಹತ್ತಿರ ಹೋಗುವ ಮೊದಲೇ ಟೇಬಲಕ್ಕ ಅವನಿಗೆ ಊಟಕ್ಕೆ ಹೋಗಲು ಹೇಳಿದಳು. ಅವನ ಊಟ ಆಗಿತ್ತು. ಇನ್ನೊಮ್ಮೆ ಮಾಡಲು ಹೇಳಿದಳು.

ಅವನು ಹೋದ ಮೇಲೆ ತಲೆಗೆ ಕೈಕೊಟ್ಟು ಯೋಚಿಸಿದಳು. ಖಾಲಿ ಇರುವ ಹತ್ತು ಸಾವಿರ ಹುಡುಕು ಎಂದರೆ ಅದು ಪ್ರತಿ ಸಲ ಮೊದಲ ಸಾಲಿನಿಂದಲೇ ಹುಡುಕುತ್ತಿತ್ತು. ತುಂಬಿಯಾದ ಲಕ್ಷಾಂತರ ಸಾಲುಗಳನ್ನು ಪ್ರತಿ ಸಲ ದಾಟಿಕೊಂಡು ಹೋಗಬೇಕಿತ್ತು. ಒರೆಸಿದ ನೆಲವನ್ನೇ ಬಾಗಿಲಿನಿಂದ ಮತ್ತೆ ತಡವುತ್ತಾ ಬಂದ ಹಾಗೆ. ಅವಳು ರೀತಿ ಬದಲಿಸಿದಳು: ನೋಂದಣಿ ಸಂಖ್ಯೆಯ ಕ್ರಮದಲ್ಲಿ ಹೋಗು, ಎಲ್ಲಿ ಬಿಟ್ಟೆಯೋ ಅಲ್ಲಿಂದ ಮುಂದಕ್ಕೆ ಹಿಡಿ, ಹಿಂದಿರುಗಿ ನೋಡಬೇಡ. ಜೊತೆಗೆ, ಪ್ರತಿ ಬದಲಾವಣೆಯ ಹಿಂದೆಯೂ ತಾನೂ ತಿದ್ದಿಕೊಳ್ಳುತ್ತಾ ಏದುಸಿರು ಬಿಡುತ್ತಿದ್ದ, ಉದ್ಯೋಗದ ಪ್ರಕಾರ ಹೆಸರು ಹುಡುಕಿಕೊಡುವ ಸೂಚಿಯನ್ನು ತೆಗೆದುಹಾಕಿದಳು. ಕೊನೆಯಲ್ಲಿ ಒಂದೇ ಸಲ ಹೊಸದಾಗಿ ಕಟ್ಟಿದರಾಯಿತು. ಕೆಲಸ ಗಾಲಿ ಕಟ್ಟಿಕೊಂಡು ಓಡತೊಡಗಿತು. ಹಿಂದಿರುಗಿ ನೋಡದೆ ಮುಂದಕ್ಕೆ ಹೋಗುವುದು ಎಷ್ಟು ಸಲೀಸು ಎಂದುಕೊಂಡು ಅವಳು ಸುಮ್ಮನೆ ಪರದೆ ನೋಡುತ್ತಾ ಕೂತಳು. ಹತ್ತು ದಿನ ಅಕ್ಕನ ಜೊತೆ ಮೊದಲು ಯಾವ ಮಾತು ತೆಗೆಯಬೇಕೆಂದು ಯೋಚಿಸಿದಳು.

ನಾಲ್ಕೂವರೆಗೆ ಕೊನೆಯ ಸಾಲೂ ತುಂಬಿತು. ಖಾಲಿ ಎಷ್ಟು ಎಂದು ಕೇಳಿದರೆ ಸೊನ್ನೆ ಎಂದು ಬಂತು. ಮೇಲಧಿಕಾರಿ ಆ ಸೊನ್ನೆಯನ್ನು ಕಾಗದದಲ್ಲಿ ಅಚ್ಚು ಹಾಕಿಸಿಕೊಂಡು, ಒಂದೇಟನ್ನು ಕಾರಿನಲ್ಲಿ ಕೂರಿಸಿಕೊಂಡು ಸಭೆಗೆ ಹೊರಟರು. ಒಬ್ಬರಾದರೂ ತಾಂತ್ರಿಕರು ಜೊತೆಯಲ್ಲಿರಬೇಕಂತೆ. ಹೋಗುವಾಗ, ರಜೆಯ ಅರ್ಜಿ ಕಂಪ್ಯೂಟರಿನಲ್ಲಿ ಹಾಕಿಬಿಡಿ, ತಾನಾಗಿ ಮಂಜೂರಾಗುತ್ತದೆ ಎಂದರು.

ಟೇಬಲಕ್ಕ ಅರ್ಜಿ ಹಾಕಿದಳು. ಗುಂಡಿ ಒತ್ತಿದ ಮರುಕ್ಷಣ ಕೆಂಪು ಅಕ್ಷರದಲ್ಲಿ ಉತ್ತರ ಬಂತು.

‘ಅರ್ಜಿದಾರರ ಉದ್ಯೋಗ: ಗೃಹನಿರ್ವಹಣೆ. ಈ ಉದ್ಯೋಗಕ್ಕೆ ರಜೆ ಅನ್ವಯಿಸುವುದಿಲ್ಲ.’

ಅವಳು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಅಕ್ಷರ ಅಷ್ಟೇ ಕೆಂಪಗಿತ್ತು. ಮೇಲಧಿಕಾರಿಗೆ ಫೋನು ಮಾಡಿದಳು, ಆರಿಸಿಟ್ಟಿದ್ದರು. ಒಂದೇಟಿಗೆ ಮಾಡಿದಳು, ಅವನೂ ಆರಿಸಿಟ್ಟಿದ್ದ. ಕೊನೆಗೆ ಮನೆಗೆ ಮಾಡಿದಳು. ಅತ್ತೆ ತೆಗೆದರು.

“ಅತ್ತೆ, ಮೂರು ವರ್ಷದ ಹಿಂದೆ ಮನೆಮನೆಗೆ ಬಂದು ವಿವರ ಬರ್ಕೊಂಡು ಹೋದ್ರಲ್ಲ, ನನ್ನ ಕೆಲಸ ಏನೂಂತ ಹೇಳಿದ್ರಿ?”

“ಅಯ್ಯೋ, ಅದೆಲ್ಲ ಈಗ್ಯಾಕೆ? ಬೆಳಿಗ್ಗೆ ಎಂಟಕ್ಕೆ ಹೋಗ್ತಾಳೆ, ಸಂಜೆ ಏಳಕ್ಕೆ ಬರ್ತಾಳೆ, ಅಲ್ಲಿ ಏನ್ ಮಾಡ್ತಾಳೋ ನಂಗೊತ್ತಿಲ್ಲಪ್ಪ ಅಂದೆ. ಸುಳ್ಳು ಹೇಳೋಕಾಗುತ್ತಾ?”

“ಅವರೇನು ಬರ್ಕೊಂಡ್ರು?”

“ಏನೂ ಬರೀಲಿಲ್ಲ. ನೀರು ಕುಡಿದು ಹೋದ್ರು.”

ಟೇಬಲಕ್ಕ ಫೋನಿಟ್ಟಳು. ವಿವರ ಬರೆಯುವವರು ಬರುತ್ತಿದ್ದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಮನೆಯಲ್ಲಿದ್ದ ಅನೇಕ ಹೆಂಗಸರು ತಮ್ಮ ಕೆಲಸವನ್ನು ತಾವೇ ಹೇಳಿದ್ದರು: ಹೊಲಿಗೆ, ಪಾಠ, ಮನೆಗೆಲಸ. ಎಷ್ಟೋ ಮನೆಗಳಲ್ಲಿ ಕಾಲಂ ಖಾಲಿ ಉಳಿದದ್ದು ಆ ಹೊತ್ತಿಗೆ ಮನೆಯಲ್ಲಿಲ್ಲದ ಹೆಂಗಸರದ್ದು. ಅವರು ಮನೆಯಲ್ಲಿರಲಿಲ್ಲ, ಏಕೆಂದರೆ ಕೆಲಸಕ್ಕೆ ಹೋಗಿದ್ದರು. ಅಂಥವರನ್ನೂ ಸೇರಿಸಿ, ಹತ್ತು ಸಾವಿರದಂತೆ, ಅವಳು ಬೆಳಗಿನಿಂದ ಅಚ್ಚುಕಟ್ಟಾಗಿ ಮನೆಗೆ ಕಳಿಸಿದ್ದಳು.

ಅಳಬೇಕೋ ನಗಬೇಕೋ ತಿಳಿಯದೆ ಅಕ್ಕನಿಗೆ ಫೋನು ಮಾಡಿದಳು. ರಜೆ ಸಿಗಲಿಲ್ಲ ಎಂದಳು. ಕಾರಣವನ್ನೂ ಹೇಳಿದಳು. ಅಕ್ಕ ಜನ್ಮದಲ್ಲಿ ಆಫೀಸಿನ ಮೆಟ್ಟಿಲು ಹತ್ತಿದವಳಲ್ಲ.

“ನಂಗ್ಯಾರು ಕೊಟ್ರು ರಜೆ?” ಎಂದಳು. “ಅಡುಗೆಮನೆ ಬಾಗಿಲು ಹಾಕ್ಕೊಂಡು ಬಂದೆ. ನೀನೂ ಬಾ ಸುಮ್ಮನೆ. ಆಮೇಲೆ ಏನಾಗುತ್ತೋ ಆಗ್ಲಿ.”

ಟೇಬಲಕ್ಕ ಹದಿನೇಳು ವರ್ಷದಲ್ಲಿ ಒಂದು ದಿನವೂ ಕೇಳದೆ ಹೋದವಳಲ್ಲ. ಆದರೂ ಸೂಟ್‌ಕೇಸ್ ಎತ್ತಿಕೊಂಡಳು. ಐದು ಗಂಟೆ ಹತ್ತು ನಿಮಿಷ. ಬಸ್ ನಿಲ್ದಾಣಕ್ಕೆ ಕಾಲು ಗಂಟೆಯ ದಾರಿ.

ಕೆಳಗೆ ಗೇಟಿನ ಹತ್ತಿರ ಹನ್ನೊಂದು ಹೆಂಗಸರು ಚೀಲ ಹಿಡಿದು ನಿಂತಿದ್ದರು. ಗಂಡಸರು ಒಬ್ಬೊಬ್ಬರಾಗಿ ಕಾರ್ಡು ಮುಟ್ಟಿಸಿ ಟಕ್ ಎಂದು ದಾಟಿಹೋಗುತ್ತಿದ್ದರು. ಇವರು ಮುಟ್ಟಿಸಿದರೆ ಕೆಂಪು ದೀಪ. ಟೇಬಲಕ್ಕ ಮುಟ್ಟಿಸಿದಳು. ಕೆಂಪು ದೀಪ.

ಕಾವಲಿನವಳು ಆಗಲೇ ಹನ್ನೊಂದು ಸಲ ಹೇಳಿದ್ದನ್ನು ಹನ್ನೆರಡನೇ ಸಲ ಹೇಳಿದಳು. ಕಾಲಂ ಖಾಲಿ ಇದ್ದಾಗ ಯಂತ್ರ ಅನುಮಾನಿಸದೆ ಬಿಡುತ್ತಿತ್ತಂತೆ. ಬರೆದಿದ್ದರೆ ಬರೆದದ್ದನ್ನೇ ನಂಬುತ್ತದಂತೆ. ಅದರ ಪ್ರಕಾರ ಇವರಾರೂ ನೌಕರರಲ್ಲ, ಸಂದರ್ಶಕರು. ಸಂದರ್ಶಕರು ಹೊರಗೆ ಹೋಗಬೇಕಾದರೆ ಒಳಗೆ ಬಂದಾಗ ಬರೆಸಿದ ಚೀಟಿ ತೋರಿಸಬೇಕು. “ಚೀಟಿ ಇಲ್ದೆ ಒಳಗೆ ಹೇಗೆ ಬಂದ್ರಿ ಅಂತ ನನ್ನನ್ನೇ ಕೇಳ್ತಾರೆ ಆಮೇಲೆ,” ಎಂದಳು.

ಎಂಟನೇ ಮಹಡಿಯ ವಕೀಲೆ ಟೇಬಲಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. “ಇದನ್ನ ಮಾಡಿದ್ದು ನೀವೇ ಅಲ್ವಾ?”

ಟೇಬಲಕ್ಕ ಹೌದೆಂದು ತಲೆಯಾಡಿಸಿದಳು. ಲಿಫ್ಟ್ ರಿಪೇರಿ ಮಾಡುವವಳು, ನಕ್ಷೆ ಬರೆಯುವವಳು, ಅನುವಾದಕಿ, ಎಲ್ಲರೂ ಒಟ್ಟಿಗೆ ಅವಳತ್ತ ತಿರುಗಿದರು. ಒಬ್ಬಳ ಮಗುವನ್ನು ಶಿಶುವಿಹಾರದಲ್ಲಿ ಐದೂವರೆಯ ನಂತರ ಇಟ್ಟುಕೊಳ್ಳುವುದಿಲ್ಲವಂತೆ. ಇನ್ನೊಬ್ಬಳಿಗೆ ವೈದ್ಯರು ಸಮಯ ಕೊಟ್ಟಿದ್ದರಂತೆ. ವಿವರ ಬರೆದುಕೊಂಡು ಹೋದ ದಿನ ಯಾರ ಮನೆಯಲ್ಲಿ ಯಾರು ಬಾಗಿಲು ತೆಗೆದರೆಂಬುದನ್ನು ಅವಳು ಕೇಳುವ ಅಗತ್ಯವೇ ಇರಲಿಲ್ಲ. ಅತ್ತೆ, ಗಂಡ, ಮೈದುನ ಎಂದು ಅವರೇ ಒಬ್ಬೊಬ್ಬರಾಗಿ ಹಲ್ಲು ಕಡಿಯುತ್ತಿದ್ದರು.

ಬೆಳಿಗ್ಗೆ ತೆರೆದ ಟೇಬಲ್ಲು ಅವಳ ಪರದೆಯ ಮೇಲೆ ಇನ್ನೂ ತೆರೆದೇ ಇತ್ತು. ಹನ್ನೊಂದೂ ಜನ ಅವಳ ಹಿಂದೆ ಮೂರು ಮಹಡಿ ಹತ್ತಿದರು. ಎರಡು ಕೋಟಿ ಸಾಲನ್ನು ಒಂದು ಹಗಲಿನಲ್ಲಿ ಬದಲಿಸಿದವಳು ಈಗ ಒಂದೊಂದೇ ಸಾಲಿಗೆ ಕೂತಳು. ಇದಕ್ಕೆ ಯಾವ ಜಾಣ ಉಪಾಯವೂ ಇರಲಿಲ್ಲ. ಯಾರ ಕೆಲಸ ಏನೆಂಬುದು ಆಯಾ ಹೆಂಗಸನ್ನೇ ಕೇಳದೆ ಗೊತ್ತಾಗುವಂತಿರಲಿಲ್ಲ. ಹೆಸರು ಹುಡುಕು, ಕೇಳು, ಬರೆ, ಉಳಿಸು. ಮಗು ಕಾಯುತ್ತಿದ್ದವಳದು ಮೊದಲು. ವೈದ್ಯರ ಹತ್ತಿರ ಹೋಗುವವಳದು ಆಮೇಲೆ. ಕಾಲುನೋವಿನವಳದು, ದೂರದ ಮನೆಯವಳದು. ಲಿಫ್ಟ್ ರಿಪೇರಿಯವಳು ಸುಮ್ಮನೆ ‘ತಾಂತ್ರಿಕ’ ಎಂದು ಬರೆಯಬೇಡಿ, ಲಿಫ್ಟ್ ಅಂತ ಪೂರ್ತಿ ಬರೀರಿ ಎಂದು ಪಟ್ಟುಹಿಡಿದಳು. ಪೂರ್ತಿ ಬರೆದಳು.

ನಡುವೆ ವಕೀಲೆ, “ನಿಮ್ಮದು ಮಾಡ್ಕೊಳ್ಳಿ ಮೊದಲು, ನಿಮಗೆ ಬಸ್ಸಿದೆಯಂತಲ್ಲ,” ಎಂದಳು.

“ನಂದೇನು, ಕೊನೆಗೆ ಮಾಡ್ಕೋತೀನಿ. ನೀವು ಹೇಳಿ,” ಎಂದಳು ಟೇಬಲಕ್ಕ. ಎಲ್ಲರಿಗೂ ಬಡಿಸಿ ತಾನು ಕೂರುವವಳ ಬಾಯಿಗೆ ಆ ಮಾತು ತಾನಾಗಿ ಬಂತು.

ಒಬ್ಬೊಬ್ಬರಾಗಿ ಇಳಿದುಹೋದರು. ಕೆಳಗಿನಿಂದ ಗೇಟಿನ ಟಕ್ ಸದ್ದು ಕೇಳುತ್ತಿತ್ತು. ಪ್ರತಿ ಸದ್ದಿಗೂ ಅವಳಿಗೆ ಹಗುರವೆನಿಸುತ್ತಿತ್ತು. ಹನ್ನೊಂದನೆಯವಳು ವಕೀಲೆ. ಹೋಗುತ್ತಾ ಟೇಬಲಕ್ಕನ ಭುಜ ಒಮ್ಮೆ ಅಮುಕಿದಳು. ಆರು ಗಂಟೆಗೆ ಐದು ನಿಮಿಷವಿತ್ತು. ಬೇಕಾದಷ್ಟು ಸಮಯ.

ಟೇಬಲಕ್ಕ ತನ್ನ ಹೆಸರು ಹುಡುಕಿದಳು. ಗೃಹನಿರ್ವಹಣೆ ಎಂಬುದನ್ನು ಅಳಿಸಿ ತನ್ನ ನಿಜವಾದ ಹುದ್ದೆಯನ್ನು, ಒಂದಕ್ಷರವೂ ಬಿಡದೆ, ನಿಧಾನವಾಗಿ ಬರೆದಳು. ಉಳಿಸು ಎಂದಳು.

‘ನಿಮ್ಮ ವಿವರವನ್ನು ನೀವೇ ತಿದ್ದುವಂತಿಲ್ಲ. ಪಕ್ಕದಲ್ಲಿರುವ ಯಾರಾದರೂ ನೌಕರರ ಕಾರ್ಡನ್ನು ಮುಟ್ಟಿಸಿ.’

ಅವಳು ಪಕ್ಕಕ್ಕೆ ನೋಡಿದಳು. ಒಂದೇಟಿನ ಖಾಲಿ ಕುರ್ಚಿ. ಅದರಾಚೆ ಕುರ್ಚಿಗಳು, ಮೇಜುಗಳು, ಆರಿದ ದೀಪಗಳು. ಗೇಟಿನ ಕಾವಲಿನವರು ಗುತ್ತಿಗೆಯವರು, ಅವರಿಗೆ ನೌಕರರ ಕಾರ್ಡಿಲ್ಲ. ಕಿಟಕಿಗೆ ಓಡಿದಳು. ವಕೀಲೆ ರಸ್ತೆಯ ತಿರುವಿನಲ್ಲಿ ಬೇಗಬೇಗ ಹೆಜ್ಜೆ ಹಾಕುತ್ತಾ ಮರೆಯಾಗುತ್ತಿದ್ದಳು. ಮೂರನೇ ಮಹಡಿಯ ಗಾಜು ಬಡಿದರೆ ಅಷ್ಟು ದೂರ ಕೇಳುವುದಿಲ್ಲ. ಆದರೂ ಬಡಿದಳು.

ಆರಕ್ಕೆ ಕಾವಲಿನ ಪಾಳಿ ಬದಲಾಯಿತು. ಆರೂವರೆಯ ಬಸ್ಸು ಆರೂವರೆಗೇ ಹೋಗಿರಬೇಕು. ಆರೂಮುಕ್ಕಾಲಿಗೆ ಮೇಜಿನ ಫೋನು ರಿಂಗಾಯಿತು. ಮೇಲಧಿಕಾರಿಯೇ ಇರಬೇಕೆಂದು ಟೇಬಲಕ್ಕ ಓಡಿಹೋಗಿ ಎತ್ತಿದಳು.

ಗೇಟಿನ ಹೊಸ ಕಾವಲುಗಾರ. ತುಂಬ ಮರ್ಯಾದೆಯಿಂದ ಮಾತಾಡಿದ.

“ಅಮ್ಮಾ, ನೌಕರರೆಲ್ಲ ಹೋಗಿದ್ದಾರೆ, ಒಳಗೆ ಸಂದರ್ಶಕರು ಒಬ್ಬರಿದ್ದಾರೆ ಅಂತ ತೋರಿಸ್ತಿದೆ. ಸಂದರ್ಶನದ ಸಮಯ ಮುಗಿದಿದೆ. ತಾವು ಯಾರನ್ನ ನೋಡೋಕೆ ಬಂದಿದ್ರಿ?”